ಮೊಣಕೈ ಮೂಸುವ ಮರ್ವಿನ್

ಮರ್ವಿನ್ ಹ್ಯಾಡ್ರೆಲ್ ಯಾವುದನ್ನೇ ಮೂಸುವ ಮೊದಲು ತನ್ನ ಮೊಣಕೈಯನ್ನು ಮೂಸುತ್ತಿದ್ದ. ಬಲಗೈಯನ್ನು ಮಡಚಿ, ಕೋಟಿನ ತೋಳು ಸುಕ್ಕು ಬೀಳುವ ಆ ಒಳತಿರುವಿನಲ್ಲಿ ಮೂಗನ್ನು ಹುದುಗಿಸಿ, ಕಣ್ಣು ಮುಚ್ಚಿ ದೀರ್ಘವಾಗಿ ಒಂದು ಉಸಿರೆಳೆದು, ಆಮೇಲೆಯೇ ಎದುರಿಗಿದ್ದ ಚಹಾಕ್ಕೋ ಪಕ್ಕದ ಮನೆಯವರು ತಂದ ಕೇಕಿಗೋ ಹೊಸದಾಗಿ ಕೊಂಡ ಬೂಟಿಗೋ ಮುಖ ತಿರುಗಿಸುತ್ತಿದ್ದ. ಹೊಸಬರಿಗೆ ಇದು ಅಳು ಮರೆಸುವವನ ಭಂಗಿಯಂತೆ ಕಾಣುತ್ತಿತ್ತು. ನಮ್ಮ ಊರು ಎಲ್ಥಮ್ಮಿಗೆ ವರ್ಗವಾಗಿ ಬಂದ ಪಾದ್ರಿಯೊಬ್ಬರು ಮೊದಲ ಭಾನುವಾರದ ಚಹಾಕೂಟದಲ್ಲಿ ಅವನ ಬೆನ್ನ ಮೇಲೆ ಕೈಯಿಟ್ಟು, ಯಾರು ತೀರಿಕೊಂಡರು ಎಂದು ಮೆಲುದನಿಯಲ್ಲಿ ವಿಚಾರಿಸಿದ್ದರು. ಮರ್ವಿನ್ ತಲೆಯೆತ್ತಿ, "ಯಾರೂ ಹೋಗಿಲ್ಲ, ನಿಮ್ಮ ಹೆಂಡತಿ ಮಾಡಿರೋ ಸ್ಕೋನು ಮೂಸಬೇಕಲ್ಲ, ಅದಕ್ಕೆ ಮೂಗು ತೊಳ್ಕೊಳ್ತಿದ್ದೀನಿ" ಅಂದಿದ್ದ. ಊಟದ ನಡುವೆ ನಾವು ಬಾಯಿ ಮುಕ್ಕಳಿಸುವ ಹಾಗೆ ಅವನು ಮೂಗು ಮುಕ್ಕಳಿಸುತ್ತಿದ್ದ, ಅಷ್ಟೆ.

ನಲವತ್ತೊಂದು ವರ್ಷ ಅವನು ನಮ್ಮ ಕಾರ್ಖಾನೆಯಲ್ಲಿ ಬೆಣ್ಣೆಗೆ ದರ್ಜೆ ಕಟ್ಟುತ್ತಿದ್ದ. ನಾನು ಅದೇ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದವನು, ಅದಕ್ಕೇ ಅವನ ಬಾಯಲ್ಲಿ ನನ್ನ ಹೆಸರು ಇಂದಿಗೂ 'ಲ್ಯಾಬು'. ನನ್ನ ಗಾಜಿನ ನಳಿಗೆಗಳೂ ಯಂತ್ರಗಳೂ ಅರ್ಧ ದಿನ ತಿಣುಕಿ ಹೇಳುತ್ತಿದ್ದುದನ್ನು ಅವನು ಒಂದು ಉಸಿರಿನಲ್ಲಿ ಹೇಳಿಬಿಡುತ್ತಿದ್ದ. ಟೊಳ್ಳು ಉಕ್ಕಿನ ಸಲಾಕೆಯನ್ನು ಬೆಣ್ಣೆಯ ಪೆಟ್ಟಿಗೆಗೆ ತಿರುವಿ ಇಳಿಸಿ, ಹೊರಗೆಳೆದು, ಮೂಗಿನಡಿ ಒಮ್ಮೆ ಸರಿಸಿ, ಚೂರು ನಾಲಗೆಗಿಟ್ಟು ಉಗಿದು, "ಬೆಟ್ಟದ ಕಡೆಯ ಹಸುಗಳು ಕಾಡುಸಾಸಿವೆ ಮೇದಿವೆ" ಎಂದು ಘೋಷಿಸಿದರೆ, ಆ ಸಂಜೆಯೊಳಗೆ ಬೆಟ್ಟದ ತಪ್ಪಲಿನ ಯಾರೋ ಒಬ್ಬ ರೈತ ಬಂದು ತನ್ನ ಹಸುಗಳು ಬೇಲಿ ಮುರಿದು ಆಚೆ ನುಗ್ಗಿದ್ದನ್ನು ಒಪ್ಪಿಕೊಳ್ಳುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ನೂರಕ್ಕೆ ತೊಂಬತ್ತಮೂರು ಬಂದರೆ ಮೇಲ್ದರ್ಜೆ, ಎಂಬತ್ತಾರರ ಕೆಳಗೆ ಇಳಿದರೆ ತಿರಸ್ಕಾರ. ಇದು ಬೆಣ್ಣೆಯ ಕಾನೂನು. ಮರ್ವಿನ್ ಇದನ್ನು ಸಕಲ ಚರಾಚರಗಳಿಗೂ ವಿಸ್ತರಿಸಿದ್ದ. ಪಾದ್ರಿಗಳ ಉಪದೇಶಕ್ಕೆ ಎಂಬತ್ತೇಳು. ನನ್ನ ಹೆಂಡತಿ ಹಬ್ಬಕ್ಕೆ ಮಾಡಿದ ಶ್ಯಾವಿಗೆ ಪಾಯಸಕ್ಕೆ ತೊಂಬತ್ತೊಂದು, ಮೇಲ್ದರ್ಜೆಗೆ ಎರಡು ಅಂಕ ಕಡಿಮೆ, ಕಾರಣ ಏಲಕ್ಕಿ ಹಳೆಯದು. ಅವಳು ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳು, ಆಮೇಲೆ ಹೊಸ ಏಲಕ್ಕಿ ತರಿಸಿದಳು. 'ಚೆನ್ನಾಗಿದೆ' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಈ ಸೀಮೆಯ ಜನ ಒಪ್ಪಲಿ ಬಿಡಲಿ, ಮೊದಲು ಹೌದೆನ್ನುತ್ತಾರೆ, ಎದುರಿನವರ ಮನಸ್ಸು ನೋಯದಿರಲೆಂದು. ಮರ್ವಿನ್ ಕೂಡ "ಹೌದು..." ಎಂದು ರಾಗವೆಳೆದು, ಮೂಗಿನ ತುದಿಯನ್ನು ಒಮ್ಮೆ ತಿಕ್ಕಿ, "ಇಲ್ಲ. ಎಂಬತ್ತೆಂಟು" ಎಂದು ಮುಗಿಸುತ್ತಿದ್ದ.

ಅವನ ನಡಿಗೆಯೂ ಮೂಗಿನ ಅಧೀನದಲ್ಲೇ ಇತ್ತು. ಕೈಗಳನ್ನು ಬೆನ್ನಿಗೆ ಕಟ್ಟಿ, ಮುಂದಕ್ಕೆ ಬಾಗಿ, ಮೂಗು ಮೊದಲು ತಲುಪಿ ಕಾಲುಗಳು ಆಮೇಲೆ ಬಂದು ಸೇರಿಕೊಳ್ಳಲಿ ಎಂಬಂತೆ ನಡೆಯುತ್ತಿದ್ದ. ಪ್ರತಿ ಬೀದಿಯ ತಿರುವಿನಲ್ಲೂ ಒಂದು ಗಳಿಗೆ ನಿಂತು, ಆಚೆ ಏನಿದೆ ಎಂದು ಗಾಳಿಯನ್ನು ಕೇಳಿ ತಿಳಿದು ಮುಂದುವರಿಯುತ್ತಿದ್ದ. ಮೈಮೇಲೆ ಸದಾ ಕಾರ್ಖಾನೆಯ ಬಿಳಿ ಕೋಟು. ನಿವೃತ್ತಿಯಾದ ಮೇಲೂ ಅದನ್ನು ಬಿಡಲಿಲ್ಲ. ಅದನ್ನು ಸೋಪು ಹಾಕದೆ ಬಿಸಿನೀರಿನಲ್ಲಿ ಕುದಿಸಿ, ಬೆಟ್ಟದ ಗಾಳಿಗೆ ಒಣಗಿಸಿ ತೊಡುತ್ತಿದ್ದ. ಮನೆಯಲ್ಲಿ ಹತ್ತು ಗಂಟೆಗೆ ಮುಂಚೆ ಈರುಳ್ಳಿ ಕೊಯ್ಯುವಂತಿರಲಿಲ್ಲ. ಯೌವನದಲ್ಲಿ ಒಬ್ಬಳೊಂದಿಗೆ ಮದುವೆಯ ಮಾತೂ ಆಗಿತ್ತಂತೆ, ಆದರೆ ಆಕೆ ಅತ್ತರು ಹಚ್ಚುವುದನ್ನು ಬಿಡಲೊಪ್ಪಲಿಲ್ಲ. "ಅವಳ ತಪ್ಪಲ್ಲ. ಅವಳಿಗೆ ತೊಂಬತ್ತೆರಡು ಕೊಟ್ಟಿದ್ದೆ" ಎಂದು ಅವನು ಒಮ್ಮೆ ನನಗೆ ಹೇಳಿದ. ಪಾಪ, ಅವಳಿಗೂ ಹಾಗೆಯೇ ಹೇಳಿದ್ದನೋ ಏನೋ.

ಇಂಥ ಮನುಷ್ಯ, ಮೂಗಿನ ಮಡಿಗೆಂದು ಬದುಕಿನಲ್ಲಿ ಒಂದು ಸಿಗರೇಟನ್ನೂ ಮುಟ್ಟದವನು, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ತಕ್ಕಡಿಯಿಟ್ಟುಕೊಂಡು ವೇಪಿನ, ಅಂದರೆ ಹೊಗೆಯ ಬದಲು ಆವಿ ಎಳೆಯುವ ವಿದ್ಯುತ್ ಸಿಗರೇಟಿನ, ರಸ ಬೆರೆಸಲು ಕೂತ. ಕಾರಣ ಅವನ ತಂಗಿ ನೋಲೀನ್.

ನೋಲೀನ್ ಅವನಿಗಿಂತ ಐದು ವರ್ಷ ಚಿಕ್ಕವಳು. ಹದಿನೈದನೆಯ ವಯಸ್ಸಿನಿಂದ ಹಾಲು ಕರೆಯುತ್ತಾ, ಹದಿನೈದನೆಯ ವಯಸ್ಸಿನಿಂದಲೇ ಹೊಗೆಸೊಪ್ಪನ್ನು ಕಾಗದದಲ್ಲಿ ಸುತ್ತಿ ಸೇದುತ್ತಾ ಬಂದ ಗಟ್ಟಿ ಹೆಂಗಸು. ಒಂದೇ ಕೈಯಲ್ಲಿ, ನೋಡದೆ, ಗಾಳಿಗೆ ಬೆನ್ನು ಕೊಟ್ಟು ಸುತ್ತುವವಳು. ಗಂಡ ತೀರಿಕೊಂಡ ಮೇಲೆ ಹನ್ನೊಂದು ಕೋಳಿಗಳ ಸಮೇತ ಅಣ್ಣನ ಹಿಂದಿನ ಕೋಣೆಗೆ ಬಂದಳು. ಅವಳ ಕೆಮ್ಮು ಅವಳಿಗಿಂತ ಮೊದಲು ಮನೆ ಹೊಕ್ಕಿತು. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದು ನೋಡಿದ ವೈದ್ಯೆ, ಸೇದುವುದನ್ನು ಬಿಡದಿದ್ದರೆ ಎರಡು ಚಳಿಗಾಲ, ಹೆಚ್ಚೆಂದರೆ, ಎಂದು ನೇರವಾಗಿ ಹೇಳಿದರು. ನೋಲೀನ್ ಚರ್ಮಕ್ಕಂಟಿಸುವ ನಿಕೋಟಿನ್ ಪಟ್ಟಿ ನೋಡಿದಳು, ಅಗಿಯುವ ಗಮ್ಮು ನೋಡಿದಳು, ಅಂಗಡಿಯ ವೇಪು ನೋಡಿದಳು. ಅಂಗಡಿಯದೆಲ್ಲ ಅವಳಿಗೆ ಲಾಲಿಪಾಪು ಸುಟ್ಟ ಹೊಗೆಯಂತೆ ಇತ್ತು. "ಸಾಯೋದಾದ್ರೆ ಬಾಯಿಗೆ ರುಚಿಯಾಗಿದ್ದನ್ನೇ ಸೇದಿ ಸಾಯ್ತೀನಿ" ಎಂದು ಹೊಗೆಸೊಪ್ಪಿನ ಡಬ್ಬಿಗೇ ಮರಳಿದಳು.

ಮರ್ವಿನ್ ವಾದಿಸಲಿಲ್ಲ. ಮರುದಿನ ನನ್ನನ್ನು ಕರೆದು, ಈ ರಸದಲ್ಲಿ ಏನೇನಿರುತ್ತದೆ ಹೇಳು ಎಂದ. ಗ್ಲಿಸರಿನ್ನು, ಅದನ್ನು ತೆಳುವಾಗಿಸುವ ಇನ್ನೊಂದು ದ್ರವ, ಅಳತೆಯ ನಿಕೋಟಿನ್, ನೂರಕ್ಕೆ ಕೆಲವೇ ಪಾಲು ಪರಿಮಳದ ಸಾರ, ಇಷ್ಟೆ ಎಂದೆ. "ಹಾಗಾದ್ರೆ ಎಲ್ಲಾ ಆ ಕೆಲವೇ ಪಾಲಲ್ಲಿದೆ" ಅಂದ. ವಾರದೊಳಗೆ ಮೇಜಿನ ತುಂಬ ಸೀಸೆಗಳು. ಎಣ್ಣೆಯ ಸಾರಗಳನ್ನು ನಾನು ಎಸೆಸಿದೆ, ಅವು ಶ್ವಾಸಕೋಶಕ್ಕೆ ವಿಷ. ಬೆಣ್ಣೆಯ ಪರಿಮಳದ ಸೀಸೆಯನ್ನು ಎಸೆದವನು ಅವನೇ. ಕಸ್ಟರ್ಡಿನ ರುಚಿ ಬೇಕಾದವರೆಲ್ಲ ಅದನ್ನು ಹಾಕುತ್ತಾರೆ ಎಂದು ನಾನು ಹೇಳಿದೆ. ನಲವತ್ತೊಂದು ವರ್ಷ ಬೆಣ್ಣೆಯ ಅನ್ನ ತಿಂದವನು ಆ ಸೀಸೆಯನ್ನು ಒಮ್ಮೆ ಮೂಸಿ, "ಬೆಣ್ಣೆ ಇರೋದು ಬ್ರೆಡ್ಡಿಗೆ, ಎದೆಗೂಡಿಗಲ್ಲ" ಎಂದು ಮುಚ್ಚಳ ಬಿಗಿದ. ಆ ಬೆಣ್ಣೆವಾಸನೆಯ ಆವಿ ಪುಪ್ಪುಸವನ್ನು ಕೆಡಿಸುತ್ತದೆಂಬ ಮಾತು ಅವನ ಕಿವಿಗೆ ಹಿಂದೆಂದೋ ಬಿದ್ದಿತ್ತು. ಈ ರಸವೆಲ್ಲ ಮದ್ದು ಎಂಬ ಭ್ರಮೆ ಅವನಿಗೆ ಎಂದೂ ಇರಲಿಲ್ಲ. ದೊಡ್ಡ ಕೇಡಿನಿಂದ ಸಣ್ಣ ಕೇಡಿಗೆ ಇಳಿಸುವ ಮೆಟ್ಟಿಲು ಅನ್ನುತ್ತಿದ್ದ.

ಬೆರೆಸಿದ್ದನ್ನು ಕೂಡಲೇ ಕೊಡುವಂತಿಲ್ಲ. ಉಪ್ಪಿನಕಾಯಿಯ ಹಾಗೆ ಕತ್ತಲಲ್ಲಿ ಕೂತು ಮಾಗಬೇಕು, ಹಣ್ಣಿನದಕ್ಕೆ ಒಂದು ವಾರ, ಕೆನೆಯದಕ್ಕೆ ಒಂದು ತಿಂಗಳು. ಬಟ್ಟೆಯ ಕಪಾಟಿನಲ್ಲಿ ಸಂಖ್ಯೆ ಬರೆದ ಸೀಸೆಗಳು ಸಾಲುಗಟ್ಟಿದವು. ಒಂದೊಂದಾಗಿ ತೆಗೆದು, ಮೊಣಕೈ ಮೂಸಿ, ಸೀಸೆ ಮೂಸಿ, ಆವಿಯನ್ನು ಬಾಯಿಗಷ್ಟೇ ಎಳೆದು ಮೂಗಿನಿಂದ ಬಿಟ್ಟು, ಅಂಕ ಬರೆದು, ತಂಗಿಗೆ ಕೊಡುತ್ತಿದ್ದ. ನೋಲೀನ್ ಎರಡು ಬಾರಿ ಎಳೆದು ತಲೆಯಾಡಿಸಿ ಹೊಗೆಸೊಪ್ಪಿನ ಡಬ್ಬಿಗೆ ಕೈಹಾಕುತ್ತಿದ್ದಳು. ಹಾಗೆ ಮೂವತ್ತು ಸೀಸೆಗಳು ಸೋತವು.

ಅದು ಏಪ್ರಿಲ್, ಭೂಮಿಯ ಈ ದಕ್ಷಿಣ ತುದಿಯಲ್ಲಿ ಬೇಸಿಗೆ ಕಳೆದು ಚಳಿ ಹತ್ತಿರವಾಗುವ ಹೊತ್ತು. ನಮ್ಮಲ್ಲಿ ಫೀಜೋವ ಉದುರುವ ಕಾಲ. ಹಸಿರು ಮೊಟ್ಟೆಯಂಥ ಆ ಹಣ್ಣು ಸೀಬೆಯ ದೂರದ ನಂಟ; ಒಳಗೆ ಸೀಬೆಯೂ ಅನಾನಸೂ ಸೇರಿದ ಸಿಹಿ, ಅದರ ಬೆನ್ನಿಗೇ ಮಂಡಿನೋವಿನ ಮುಲಾಮಿನ ತಣ್ಣನೆಯ ಒಂದೆಳೆ. ಮರವಿದ್ದವರೆಲ್ಲ ಬಕೆಟ್ಟುಗಟ್ಟಲೆ ಗೇಟಿನ ಮುಂದಿಟ್ಟು, ಒಯ್ಯಿರಪ್ಪಾ ಎಂದು ಗೋಗರೆಯುವ ತಿಂಗಳು. ನೋಲೀನ್ ಮೆಟ್ಟಿಲ ಮೇಲೆ ಕೂತು, ಹಣ್ಣನ್ನು ಅರ್ಧಕ್ಕೆ ಕೊಯ್ದು, ಚಮಚದಿಂದ ತಿರುಳು ತೋಡಿ ತಿನ್ನುತ್ತಾ ಸಿಪ್ಪೆಗಳನ್ನು ಕೋಳಿಗಳಿಗೆ ಎಸೆಯುತ್ತಿದ್ದಳು. ಕಿಟಕಿಯಿಂದ ನೋಡುತ್ತಿದ್ದ ಮರ್ವಿನ್ ನನ್ನ ತೋಳು ಹಿಡಿದು ಗೋಡೆಯ ಗಡಿಯಾರ ತೋರಿಸಿದ. ಎರಡು ಗಂಟೆಯಿಂದ ಅವಳು ಒಂದು ಸಿಗರೇಟನ್ನೂ ಸುತ್ತಿರಲಿಲ್ಲ.

ಫೀಜೋವದ ಹೆಸರಿನ ಸಾರಗಳಾವುವೂ ಆ ಹಣ್ಣಿನಂತಿರಲಿಲ್ಲ. ಅವನು ಸೀಬೆ, ಅನಾನಸು, ಮರಸೇಬು ಮೂರನ್ನೂ ತೂಗಿ ಕಟ್ಟಿ, ಮುಲಾಮಿನ ಆ ಎಳೆಗೆ ಚಳಿಗಾಲದಲ್ಲೂ ಹಸಿರಾಗಿರುವ ಒಂದು ಎಲೆಯ ಸಾರವನ್ನು ಒಂದೇ ತೊಟ್ಟು ಬಿಟ್ಟ. ಮೂವತ್ತೊಂದನೆಯ ಸೀಸೆ. ನೋಲೀನ್ ಅದನ್ನು ಎಳೆದಳು, ಮತ್ತೆ ಎಳೆದಳು, ಸೀಸೆಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಕೋಳಿಗಳಿಗೆ ನೀರಿಡಲು ಹೋದಳು. ಮರ್ವಿನ್ ತನ್ನ ಪುಸ್ತಕದಲ್ಲಿ ತೊಂಬತ್ತಮೂರು ಎಂದು ಬರೆದು, ಆ ಪುಟವನ್ನು ನನಗೆ ತೋರಿಸಿ, ಮುಚ್ಚಿದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ನೋಡಲಿಲ್ಲವೆಂಬಂತೆ ಇದ್ದೆ.

ಎರಡು ತಿಂಗಳು ನೋಲೀನ್ ಬೆಂಕಿಪೊಟ್ಟಣ ಮುಟ್ಟಲಿಲ್ಲ. ಐವತ್ತು ವರ್ಷದ ಹೊಗೆಯಡಿ ಹೂತುಹೋಗಿದ್ದ ಅವಳ ಮೂಗು ಮೆಲ್ಲನೆ ಎದ್ದು ಕೂತಿತು, ಮತ್ತು ಎದ್ದ ಕೂಡಲೇ ದೂರತೊಡಗಿತು: ಕೋಳಿಗಳು ಇಷ್ಟು ನಾರುತ್ತವೆಂದು ಯಾಕೆ ಯಾರೂ ಹೇಳಲಿಲ್ಲ, ನನ್ನ ದಿಂಬಿಗೆ ಇದೆಂಥ ವಾಸನೆ, ಲ್ಯಾಬು ನೀನು ತಲೆಗೆ ಹಚ್ಚುವುದೇನು. ಒಂದು ಬೆಳಿಗ್ಗೆ ಬೇಲಿಯ ಬಳಿ ನಿಂತು, ಮಳೆ ಬರುವ ಮುಂಚೆ ಮಣ್ಣಿಗೆ ವಾಸನೆಯಿರುತ್ತದೆಂಬುದು ಮರೆತೇಹೋಗಿತ್ತು ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಅಲ್ಲಿಗೇ ನಿಲ್ಲಿಸಿದ್ದರೆ ಮರ್ವಿನ್ ಮರ್ವಿನ್ ಆಗಿರುತ್ತಿರಲಿಲ್ಲ. ಈ ಬಾರಿ ಹಣ್ಣಿನ ಎಳೆ ಸಾಲದು, ಮುಲಾಮಿನ ವಾಸನೆ ಬರುತ್ತಲೇ ಇಲ್ಲ ಎಂದು ತಿದ್ದತೊಡಗಿದ. ಮೂವತ್ತನಾಲ್ಕರಲ್ಲಿ ಆ ಎಲೆಯ ಸಾರ ಎರಡು ತೊಟ್ಟು, ಮೂವತ್ತೆಂಟರಲ್ಲಿ ಐದು. ರಸ ಬೆರೆಸುವವರೆಲ್ಲರಿಗೂ ಈ ಕುಣಿಕೆ ಗೊತ್ತು: ಒಂದೇ ಪರಿಮಳವನ್ನು ದಿನವಿಡೀ ಮೂಸಿದರೆ ಮೂಗು ಅದಕ್ಕೆ ಕುರುಡಾಗುತ್ತದೆ, ಕುರುಡಾದ ಮೂಗು ಇನ್ನಷ್ಟು ಬೇಡುತ್ತದೆ. ಎರಡು ದಿನ ಬಿಟ್ಟರೆ ಸರಿಹೋಗುತ್ತದೆಂದು ನಾನೂ ಅಂದುಕೊಂಡೆ. ನಲವತ್ತೊಂದನೆಯದನ್ನು ಅವನು ನನಗೆ ಕೊಟ್ಟಾಗ ಬಾಯಿಗೆಳೆದೆ; ಮಂಡಿಗೆ ಹಚ್ಚುವ ಮುಲಾಮನ್ನು ಚಮಚದಲ್ಲಿ ತಿಂದಂತಾಗಿ ಕಣ್ಣಲ್ಲಿ ನೀರು ಬಂತು. ಅವನು ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ತೊಂಬತ್ತು ಎಂದೆ. ಹುಲ್ಲಿನ ಮೇಲೆ ಚೆಂಡುರುಳಿಸುವ ಬೋಲ್ಸ್ ಕ್ಲಬ್ಬಿನ ಇಬ್ಬರು ಗೆಳೆಯರೂ ಅವನಿಂದ ಸೀಸೆ ಒಯ್ಯುತ್ತಿದ್ದರು. ಅವರು ಅದನ್ನು ಚರಂಡಿಗೆ ಸುರಿದು, ಖಾಲಿ ಸೀಸೆಯ ಜೊತೆ ಜಾಮಿನ ಬಾಟಲಿಯಿಟ್ಟು ಹಿಂದಿರುಗಿಸಿದರು. ತೊಂಬತ್ತೊಂದು ಅಂದರಂತೆ. ನೋಲೀನ್ ತೊಂಬತ್ತೆರಡು ಅಂದಳು.

ಆಗಸ್ಟಿನ, ನಮ್ಮ ಚಳಿಗಾಲದ ಕೊನೆಯ, ಒಂದು ಮಧ್ಯಾಹ್ನ ಬೇಲಿ ರಿಪೇರಿಗೆಂದು ಅವರ ಹಿತ್ತಿಲಿಗೆ ಹೋದವನು ಕೋಳಿಗೂಡಿನ ಹಿಂದೆ ಹೊಗೆ ಕಂಡೆ. ನೋಲೀನ್ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಳು, ಬೆರಳ ನಡುವೆ ಹೊಗೆಸೊಪ್ಪಿನ ಸುರುಳಿ. ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ವಾರ ಎಂದಳು. ನನಗೆ ನಿಜವಾಗಿ ಸಿಟ್ಟು ಬಂತು. ವೈದ್ಯೆ ಹೇಳಿದ ಎರಡು ಚಳಿಗಾಲದಲ್ಲಿ ಒಂದು ಮುಗಿಯುತ್ತಿದೆ, ಲೆಕ್ಕ ಗೊತ್ತಿದೆಯೇ ಎಂದೆ.

"ಗೊತ್ತು. ಅವನು ಮಾಡಿದ್ದು ಎಳೆಯೋಕಾಗಲ್ಲ, ಲ್ಯಾಬು. ಗಂಟಲು ಸುಡುತ್ತೆ."

"ಹಾಗಂತ ಅವನಿಗೆ ಹೇಳು."

"ಏನಂತ ಹೇಳಲಿ? ನಿನ್ನ ಮೂಗು ಹೋಗಿದೆ ಅಂತಲೇ? ಆ ಮೂಗು ಬಿಟ್ರೆ ಅವನ ಹತ್ರ ಇನ್ನೇನಿದೆ?" ಕೆಮ್ಮು ಬಂತು, ಗೂಡಿನ ತಂತಿ ಹಿಡಿದು ನಿಂತಳು. "ನನಗೋಸ್ಕರ ಆ ಆವಿ ಎಳೆದೂ ಎಳೆದೂ ಹಾಳು ಮಾಡ್ಕೊಂಡ. ನೀನು ಬಾಯಿ ಬಿಟ್ಟೆಯೋ, ಈ ಬೇಲಿ ದಾಟಬೇಡ."

ಮೂಗು ಹೋದದ್ದು ಆ ಆವಿಯಿಂದಲೋ, ಫೆಬ್ರುವರಿಯಲ್ಲಿ, ನಮ್ಮ ಬೇಸಿಗೆಯ ಕೊನೆಗೆ, ಅವನಿಗೆ ಬಂದ ಜ್ವರದಿಂದಲೋ, ವಯಸ್ಸಿನಿಂದಲೋ, ಇಂದಿಗೂ ನನಗೆ ತಿಳಿಯದು. ನಾನು ಬಾಯಿ ಬಿಡಲಿಲ್ಲ. ಹೇಡಿತನಕ್ಕೆ ದಾಕ್ಷಿಣ್ಯವೆಂಬ ಹೆಸರಿಟ್ಟುಕೊಂಡು ಮನೆಗೆ ಬಂದೆ.

ಮುಂದಿನ ಶನಿವಾರ ಬೆಳಗಿನ ಚಹಾಕ್ಕೆ ಕರೆದರು. ಮೇಜಿನ ಮೇಲೆ ಟೋಸ್ಟು, ಜಾಮು, ಗಾಜಿನ ಮುಚ್ಚಳದ ಬೆಣ್ಣೆ ತಟ್ಟೆ. ಆ ವಾರವೆಲ್ಲ ಅದು ಬಿಸಿಲು ಬೀಳುವ ಕಿಟಕಿಯ ಅಂಚಿನಲ್ಲೇ ಉಳಿದುಹೋಗಿತ್ತೆಂದು ಆಮೇಲೆ ಗೊತ್ತಾಯಿತು. ಮುಚ್ಚಳ ತೆಗೆದೊಡನೆ ಕಮಟು ವಾಸನೆ ನನ್ನಂಥ ಮೊಂಡು ಮೂಗಿಗೂ ಬಡಿಯಿತು. ನೋಲೀನಳ ಕೈ ಚಹಾದ ಕಪ್ಪಿನ ಮೇಲೆಯೇ ನಿಂತಿತು. ಮರ್ವಿನ್, ಅಂಗಡಿಯ ಬೆಣ್ಣೆಯನ್ನು ಕಾಗದ ಬಿಚ್ಚುವ ಮೊದಲೇ ಹಿಂದಕ್ಕೆ ಕಳಿಸುತ್ತಿದ್ದ ಮರ್ವಿನ್, ಚಾಕುವಿನ ತುಂಬ ಆ ಬೆಣ್ಣೆ ತೆಗೆದು, ಟೋಸ್ಟಿನ ಅಂಚಿನವರೆಗೂ ನೀಟಾಗಿ ಸವರಿ, ಕಚ್ಚಿ, ಅಗಿಯುತ್ತಾ, ನಲವತ್ತೇಳನೆಯ ಸೀಸೆ ಮಾಗಿದೆ, ಇವತ್ತು ಅಂಕ ಕೊಡಬೇಕು ಎಂದ.

ನೋಲೀನ್ ಎದ್ದು ಅವನ ಕೈಯಿಂದ ಟೋಸ್ಟನ್ನು ತೆಗೆದುಕೊಂಡಳು. ತಟ್ಟೆಗಿಟ್ಟಳು. ಸೀಸೆಯನ್ನು ತನ್ನ ಯಂತ್ರಕ್ಕೆ ತುಂಬಿ ಒಮ್ಮೆ ಎಳೆದಳು, ಉಸಿರು ಕಟ್ಟಿತು, ಕಣ್ಣೊರೆಸಿಕೊಂಡಳು.

"ಅರುವತ್ತೆರಡು" ಎಂದಳು. "ತಿರಸ್ಕಾರ. ಬೆಣ್ಣೆ ಅದಕ್ಕಿಂತ ಕಡಿಮೆ, ಕಮಟು ಹಿಡಿದಿದೆ, ಮರ್ವ್."

ಅವನು ಬಲಗೈ ಮಡಚಿ ಮೊಣಕೈ ಮೂಸಿದ. ಬೆಣ್ಣೆಯ ತಟ್ಟೆ ಎತ್ತಿ ಮೂಸಿದ. ಮತ್ತೆ ಮೊಣಕೈ, ಮತ್ತೆ ಬೆಣ್ಣೆ, ಮತ್ತೆ ಮೊಣಕೈ. ತಟ್ಟೆ ಕೆಳಗಿಟ್ಟು ಬೆಟ್ಟದ ಕಡೆಯ ಕಿಟಕಿಯತ್ತ ತಿರುಗಿದ.

"ಮೊಣಕೈಗೆ ಯಾವ ವಾಸನೆಯೂ ಇರಲಿಲ್ಲ, ಅದಕ್ಕೇ ಅದನ್ನ ನಂಬಿದ್ದೆ" ಎಂದ. "ಈಗ ಎಲ್ಲಾನೂ ಮೊಣಕೈ ಆಗಿದೆ, ನೋಲ್."

ಅವನಿಗೆ ಆ ಜ್ವರದ ದಿನಗಳಿಂದಲೇ ಅನುಮಾನವಿತ್ತಂತೆ. ಮೊದಲು ಮಂಜು ಕವಿದಂತಿತ್ತು, ಏಪ್ರಿಲ್ಲಿನಲ್ಲಿ ಫೀಜೋವ ಕೊನೆಯದಾಗಿ ಸಿಕ್ಕಿತು, ಆಮೇಲೆ ಅದೂ ಇಲ್ಲ. ಹೇಳಿದರೆ ತಂಗಿಗೆ ಸೀಸೆಯ ಮೇಲಿನ ನಂಬಿಕೆ ಹೋಗಿ ಮತ್ತೆ ಡಬ್ಬಿ ಹಿಡಿಯುತ್ತಾಳೆಂದು ಸುಮ್ಮನಿದ್ದ. ಇದನ್ನು ಕೇಳಿ ನೋಲೀನ್ ಏಪ್ರನ್ನಿನ ಜೇಬಿನಿಂದ ಹೊಗೆಸೊಪ್ಪಿನ ಡಬ್ಬಿ ತೆಗೆದು ಬೆಣ್ಣೆ ತಟ್ಟೆಯ ಪಕ್ಕ ಇಟ್ಟು, "ಮೂರು ವಾರ ದಾಟಿತು" ಎಂದಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಸೇದುವವನು ಬೀದಿಯ ಆಚೆ ಬದಿಯಲ್ಲಿ ನಡೆದರೂ ಈ ಬದಿಯಿಂದ ಕಂಡುಹಿಡಿಯುತ್ತಿದ್ದ ಮನುಷ್ಯ ಅವನು.

"ಮೂರು ವಾರ ನನ್ನ ಎದುರೇ ಕೂತಿದ್ದೀಯ" ಎಂದ. ಅಷ್ಟೇ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ನಾನು ಚಹಾ ಸೋಸುವ ನೆಪದಲ್ಲಿ ಎದ್ದು ಹೋದೆ, ಸೋಸಲು ಏನೂ ಇರಲಿಲ್ಲ.

ತಿರುಗಿ ಬಂದಾಗ ಮರ್ವಿನ್ ಮುಂದೆ ನೋಲೀನ್ ಹೊಸದಾಗಿ ಸುಟ್ಟ ಟೋಸ್ಟಿತ್ತು, ಅವನು ಬಿಳಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದ. ಕೋಟಿಲ್ಲದ ಅವನನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಭುಜಗಳು ನಾನೆಣಿಸಿದ್ದಕ್ಕಿಂತ ಕಿರಿದಾಗಿದ್ದವು. "ತೊಡು" ಎಂದ ತಂಗಿಗೆ. ಉದ್ದನೆಯ ತೋಳುಗಳನ್ನು ಅವಳು ಎರಡು ಮಡಿಕೆ ಮಡಚಿದಳು. ಮೂವತ್ತೊಂದನೆಯ ಪುಟ ತೆಗೆದು ಅವನು ಮತ್ತೆ ತೂಗಲು ಕೂತ. ತಕ್ಕಡಿ ಅವನದು, ಲೆಕ್ಕ ಅವನದು, ಮೂಗು ಅವಳದು.

ವೈದ್ಯೆ ಹೇಳಿದ್ದ ಎರಡು ಚಳಿಗಾಲ ಕಳೆದು ಈಗ ನಾಲ್ಕನೆಯದು ನಡೆಯುತ್ತಿದೆ. ನೋಲೀನ್ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾಳೆ, ಆದರೆ ಹತ್ತುತ್ತಾಳೆ. ಹೊಗೆಸೊಪ್ಪಿನ ಡಬ್ಬಿ ಮತ್ತೆ ಮುಟ್ಟಿಲ್ಲ, ರಸದ ನಿಕೋಟಿನ್ ಅರ್ಧಕ್ಕಿಳಿದಿದೆ. ಮೊನ್ನೆ ನಾನು ಹೋದಾಗ ಎಂಬತ್ತನೆಯ ಸೀಸೆ ಮೇಜಿನ ಮೇಲಿತ್ತು, ಮರ್ವಿನ್ ಪೆನ್ನು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಮೊಣಕೈ ಮೂಸಿದಳು, ಸೀಸೆ ಮೂಸಿದಳು, ಮೂಗಿನ ತುದಿ ತಿಕ್ಕಿದಳು. "ಹೌದು... ಇಲ್ಲ. ಎಂಬತ್ತೊಂಬತ್ತು" ಎಂದಳು. ಒಂದು ಅಂಕವಾದರೂ ಹೆಚ್ಚು ಕೊಡಬಾರದೇ ಎಂದು ಅವನು ಗೊಣಗಿದ. ಕೊಡಲಿಲ್ಲ. ಅವನ ಮುಖದಲ್ಲಿದ್ದ ತೃಪ್ತಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಬಾಳಿನುದ್ದಕ್ಕೂ ದರ್ಜೆ ಕಟ್ಟಿ ಬದುಕುವ ಒಂದು ಜಾತಿಯ ಮನುಷ್ಯರಿದ್ದಾರೆ. ಹೊಗಳಿಕೆಯಲ್ಲಿ ಅವರದು ಬಿಗಿ ಮುಷ್ಟಿ. ಅವರ ಅಕ್ಕರೆಯೆಲ್ಲ ನಮ್ಮ ತಪ್ಪು ಹುಡುಕುವುದರಲ್ಲೇ ಖರ್ಚಾಗುತ್ತದೆ, ಆದ್ದರಿಂದ ಅದು ಅಕ್ಕರೆಯೆಂದು ನಮಗೆ ತಿಳಿಯುವಾಗ ತಡವಾಗಿರುತ್ತದೆ. ಅಂಥವರ ಶಕ್ತಿ ಕುಂದಿದ ದಿನ ಊರೆಲ್ಲ ಸೇರಿ ಅವರಿಗೆ ತೊಂಬತ್ತು, ತೊಂಬತ್ತೊಂದು ಕೊಟ್ಟು ಕೈತೊಳೆದುಕೊಳ್ಳುತ್ತದೆ. ನಾನೂ ಕೊಟ್ಟವನೇ, ಅದರ ನಾಚಿಕೆ ಇನ್ನೂ ಇದೆ. ಅವರಿಗೆ ಬೇಕಾದದ್ದು ನಮ್ಮ ಆ ದಯೆಯಲ್ಲ. ಮುಖ ನೋಡಿ ಅರುವತ್ತೆರಡು ಎನ್ನುವ ಒಂದು ಬಾಯಿ ಬೇಕು. ಹಾಗೆಂದ ಮೇಲೆ ಎದ್ದು ಹೋಗದೆ, ಅಲ್ಲೇ ನಿಂತು ಇನ್ನೊಂದು ಟೋಸ್ಟು ಸುಟ್ಟುಕೊಡುವ ಒಂದು ಜೀವ ಬೇಕು.